ನಿಮ್ಮ ಮನೆ ಎಲ್ಲಿ ಆಯ್ತು?

ನನ್ನ ಗಂಡ ವೈರಸ್ಸಿಗೆ ಹೆದರಿದಷ್ಟು ನನಗೂ ಹೆದರಿದವರಲ್ಲ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಮಂಗಳೂರಿನ ಶಕ್ತಿನಗರದ ನಮ್ಮ ಫ್ಲ್ಯಾಟಿನಲ್ಲಿ ಊಟದ ಮೇಜಿನ ಒಂದು ತುದಿ ಅವರ ಲ್ಯಾಪ್‌ಟಾಪಿಗೆ ಮೀಸಲು. ಅದರೊಳಗೆ ಒಂದಲ್ಲ, ಎರಡು ಆಂಟಿವೈರಸ್ ಕುಳಿತಿದ್ದವು. ಒಂದು ಲ್ಯಾಪ್‌ಟಾಪಿನ ಜೊತೆಗೇ ಬಂದದ್ದು, ಇನ್ನೊಂದು ಫಳ್ನೀರಿನ ಅಂಗಡಿಯಿಂದ ದುಡ್ಡು ಕೊಟ್ಟು ತಂದದ್ದು. ಒಂದೇ ಅಡುಗೆಮನೆಯಲ್ಲಿ ಇಬ್ಬರು ಯಜಮಾನಿಯರಿದ್ದರೆ ಆಗುವುದೇ ಅಲ್ಲಿಯೂ ಆಗುತ್ತಿತ್ತು. ಇವರು ಲ್ಯಾಪ್‌ಟಾಪ್ ಆನ್ ಮಾಡಿ ಸ್ನಾನಕ್ಕೆ ಹೋಗಿ, ದೇವರಿಗೆ ದೀಪ ಇಟ್ಟು ಬರುವ ಹೊತ್ತಿಗೆ ಅದು ಕಣ್ಣು ಬಿಡುತ್ತಿತ್ತು.

"ನಿಧಾನ ಆದ್ರೆ ಆಗ್ಲಿ. ಭದ್ರ ಉಂಟಲ್ಲ?" ಎನ್ನುತ್ತಿದ್ದರು.

ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಉಳಿದವರು ಗುಲಾಬಿ ಹೂವಿನ ಚಿತ್ರ ಹಾಕಿ ಶುಭೋದಯ ಹೇಳಿದರೆ ಇವರು ಎಚ್ಚರಿಕೆ ಹೇಳುತ್ತಿದ್ದರು. ಗೊತ್ತಿಲ್ಲದ ಲಿಂಕ್ ಒತ್ತಬೇಡಿ. ಪಾಸ್‌ವರ್ಡ್ ಆಗಾಗ ಬದಲಿಸಿ. ಒಟಿಪಿಯನ್ನು ಹೆತ್ತ ತಾಯಿ ಕೇಳಿದರೂ ಹೇಳಬೇಡಿ. ಕಟ್ಟಡದ ಸಭೆಯಲ್ಲಿ ಇದೇ ವಿಷಯದ ಮೇಲೆ ಅವರದ್ದೊಂದು ಭಾಷಣವೂ ಆಯಿತು. ಕೇಳಿದವರೆಲ್ಲ ತಲೆದೂಗಿದರು. ಕೊನೆಗೆ ಗೋಳಿಬಜೆ ಇತ್ತು, ಆದ್ದರಿಂದ ಯಾರೂ ಮಧ್ಯದಲ್ಲಿ ಎದ್ದು ಹೋಗಲಿಲ್ಲ.

ಆ ಲ್ಯಾಪ್‌ಟಾಪಿನ ಮೂಲಕ ಅವರು ಕಾಯುತ್ತಿದ್ದದ್ದು ಮುಖ್ಯವಾಗಿ ನನ್ನ ದುಡ್ಡನ್ನು. ನಮ್ಮಲ್ಲಿ ಆಸ್ತಿ ತಾಯಿಯಿಂದ ಮಗಳಿಗೆ ಬರುವುದು ಹಿಂದಿನಿಂದಲೂ ಇರುವ ಕಟ್ಟು. ಪಡೀಲಿನಲ್ಲಿ ನನ್ನ ಅಮ್ಮನ ಪಾಲಿಗೆ ಇದ್ದ ಗದ್ದೆ ನನಗೆ ಬಂತು. ಅದು ರಸ್ತೆಗೆ ಹೋಯಿತು, ಪರಿಹಾರದ ಹಣ ಬ್ಯಾಂಕಿಗೆ ಬಂತು. ಖಾತೆ ನಮ್ಮಿಬ್ಬರ ಹೆಸರಿನಲ್ಲಿ, ಪಾಸ್‌ವರ್ಡ್ ಮಾತ್ರ ಅವರ ತಲೆಯಲ್ಲಿ. ಹಿಂದೆ ಆಸ್ತಿ ಹೆಂಗಸರದ್ದು, ಬೀಗದ ಕೈ ಸೋದರಮಾವಂದಿರದ್ದು ಎಂದಿತ್ತು. ಈಗ ಮಾವಂದಿರ ಜಾಗಕ್ಕೆ ಗಂಡಂದಿರು ಬಂದಿದ್ದಾರೆ, ಅಷ್ಟೇ ಸುಧಾರಣೆ. ಆ ಹಣದಲ್ಲಿ ಏನು ಮಾಡಬೇಕೆಂದು ನಾನು ತೀರ್ಮಾನಿಸಿರಲಿಲ್ಲ. ಅಮ್ಮ ನನಗೆಂದು ಬಿಟ್ಟು ಹೋದದ್ದು ಅದೊಂದೇ. ತೀರ್ಮಾನಿಸದೆ ಇಟ್ಟುಕೊಳ್ಳುವುದರಲ್ಲೂ ಒಂದು ಸುಖವಿತ್ತು.

ಇವರ ಇನ್ನೊಂದು ಸ್ವಭಾವವನ್ನು ಹೇಳದಿದ್ದರೆ ಮುಂದಿನದ್ದು ಅರ್ಥವಾಗದು. ತುಳು ಮಾತಾಡುವ ಯಾರೇ ಸಿಕ್ಕಲಿ, ಇವರ ಮೊದಲ ಪ್ರಶ್ನೆ, "ನಿಮ್ಮ ಮನೆ ಎಲ್ಲಿ ಆಯ್ತು?" ಊರಿನಲ್ಲಿ ಎಲ್ಲರೂ ಕೇಳುವುದೇ ಅದು. ಆದರೆ ಇವರಿಗೆ ಉತ್ತರಕ್ಕಾಗಿ ಕಾಯುವಷ್ಟು ತಾಳ್ಮೆ ಇಲ್ಲ. ಆ ಮನೆಯಾ, ಈ ಮನೆಯಾ, ಅವರ ಅಳಿಯನಾ ಎಂದು ತಾವೇ ಎಳೆ ಎಳೆದು ಸಂಬಂಧ ಕಟ್ಟಿಬಿಡುತ್ತಾರೆ. ಡಾಕ್ಟರಲ್ಲಿಗೆ ಹೋದಾಗ ಕಾಯುವ ಬೆಂಚಿನಲ್ಲೂ ಒಬ್ಬ ಭಾವನನ್ನು ಹುಡುಕಿ ತೆಗೆದವರು. ಅದಕ್ಕೆ ಕಾರಣವಿದೆ ಎಂದು ನನ್ನ ಎಣಿಕೆ. ಇವರು ಒಬ್ಬನೇ ಮಗ. ಅಕ್ಕ ಇಲ್ಲ, ತಂಗಿ ಇಲ್ಲ. ನಮ್ಮಲ್ಲಿ ಮನೆತನ ಮುಂದುವರಿಯುವುದು ಹೆಣ್ಣುಮಕ್ಕಳಿಂದ. ತಂಗಿ ಇಲ್ಲದ ಗಂಡಸಿನ ಕುಟುಂಬ ಅವನಲ್ಲಿಗೇ ನಿಂತುಹೋಗುತ್ತದೆ. ಈ ಮಾತನ್ನು ಇವರು ಎಂದೂ ಆಡಿದವರಲ್ಲ.

ಆ ಫೋನು ಬಂದದ್ದು ಮಧ್ಯಾಹ್ನ, ನಾನು ಬಂಗುಡೆ ಸಾರಿಗೆ ಮಸಾಲೆ ಅರೆದು ಮುಗಿಸಿದ ಹೊತ್ತಿಗೆ. ಇವರಿಗೆ ಕಿವಿ ಸ್ವಲ್ಪ ಮಂದ, ಆದ್ದರಿಂದ ಫೋನು ಯಾವಾಗಲೂ ಸ್ಪೀಕರಿನಲ್ಲಿ.

"ನಮಸ್ಕಾರ ಅಣ್ಣೇ, ಒಣಸ್ ಆಂಡಾ?" ಎಂದಿತು ಒಂದು ಎಳೆಯ ಗಂಡುದನಿ. ಊಟ ಆಯಿತೇ ಎಂದು ತುಳುವಿನಲ್ಲಿ ಕೇಳುವ ರೀತಿ ಅದು. ಮುಂದಿನ ಮಾತೂ ತುಳುವಿನಲ್ಲೇ ಆಯಿತು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವನು ಆಂಟಿವೈರಸ್ ಕಂಪನಿಯವನಂತೆ. ನಮ್ಮದರ ಅವಧಿ ಮುಗಿದಿದೆಯಂತೆ, ಬ್ಯಾಂಕ್ ಖಾತೆಗೆ ಅಪಾಯವಂತೆ. ಬೇರೆ ಯಾವ ಭಾಷೆಯಲ್ಲಿ ಇದನ್ನು ಹೇಳಿದ್ದರೂ ಇವರು ಫೋನು ಕುಕ್ಕಿ ವಾಟ್ಸಾಪಿನಲ್ಲಿ ಬರೆಯಲು ಕೂರುತ್ತಿದ್ದರು. ತುಳುವಾದ್ದರಿಂದ, "ನಿಮ್ಮ ಮನೆ ಎಲ್ಲಿ ಆಯ್ತು?" ಎಂದರು.

"ಇಲ್ಲೇ ಅಣ್ಣೇ, ಮಂಗಳೂರು."

"ಮಂಗಳೂರಲ್ಲಿ ಎಲ್ಲಿ? ಪಡೀಲಾ?"

"ಹೌದು ಅಣ್ಣೇ, ಪಡೀಲ್."

"ಅಕ್ಕಿ ಮಿಲ್ಲಿನ ಹಿಂದಿನ ಮನೆಯಾ?"

"ಹಿಂದಿನದ್ದೇ ಅಣ್ಣೇ."

"ನಿಮ್ಮ ಮಾವ ದುಬಾಯಿಯಲ್ಲಿ ಇದ್ದವರಲ್ವಾ?"

"ಅವರೇ ಅಣ್ಣೇ! ನಿಮಗೆ ಪರಿಚಯ ಉಂಟಾ?"

ಮಿಲ್ಲಿನ ಹಿಂದಿನ ಮನೆಯವರು ನಮಗೆ ಮದುವೆ ಮನೆಗಳಲ್ಲಿ ಸಿಗುವ ದೂರದ ನಂಟರು. ನಾನೂ ಅಡುಗೆಮನೆಯಿಂದಲೇ, "ಅವನ ಅತ್ತೆಯ ಮಂಡಿನೋವು ಹೇಗುಂಟು ಕೇಳಿ" ಎಂದೆ. "ಈಗ ಕಡಿಮೆ ಉಂಟು ಅಕ್ಕೇ" ಎಂದು ಅವನು ನೇರವಾಗಿ ನನಗೇ ಉತ್ತರ ಕೊಟ್ಟ. ಒಳ್ಳೆಯ ಸಂಸ್ಕಾರದ ಹುಡುಗ ಎಂದುಕೊಂಡು ನಾನು ಮೀನಿಗೆ ಉಪ್ಪು ಹಾಕಿದೆ.

ಅವನು ಯಾವುದೋ ಆ್ಯಪ್ ಇಳಿಸಿಕೊಳ್ಳಲು ಹೇಳಿದ. ಇವರು ಇಳಿಸಿಕೊಂಡರು. ಆಗ ಆಂಟಿವೈರಸ್ ಎದ್ದಿತು. ಪಾಪ, ಕೊಟ್ಟ ದುಡ್ಡಿಗೆ ಸರಿಯಾಗಿ ಅದು ತನ್ನ ಕೆಲಸ ಮಾಡಿತು. ಪರದೆಯ ತುಂಬ ಕೆಂಪು ಪೆಟ್ಟಿಗೆ ತೆರೆದು, ಇದು ಅಪಾಯಕಾರಿ, ಬೇಡ ಎಂದು ಹೇಳಿತು.

"ಬೇಡ ಅಂತ ಹೇಳ್ತದಲ್ಲ ಮಾರಾಯ?" ಎಂದರು ಇವರು.

"ಅದು ಹಳೆಯದ್ದಲ್ವಾ ಅಣ್ಣೇ, ಹೊಸತು ಬರುವಾಗ ಹಾಗೇ ಹೇಳುವುದು. ಅದನ್ನು ಆಫ್ ಮಾಡಿ."

ಇವರು ಆಫ್ ಮಾಡಿದರು. ಒಂದನ್ನಲ್ಲ, ಎರಡನ್ನೂ. ಎಚ್ಚರಿಕೆ ಹೇಳಿದ ಯಂತ್ರ ಇಂಗ್ಲಿಷಿನಲ್ಲಿ ಹೇಳಿತ್ತು, ಕಳ್ಳ ತುಳುವಿನಲ್ಲಿ ಹೇಳಿದ್ದ. ಯಾರನ್ನು ನಂಬುವುದು?

ಖಾತೆ ಭದ್ರ ಉಂಟಾ ನೋಡುವ ಎಂದು ಅವನು ಹೇಳಿದ್ದಕ್ಕೆ ಇವರು ಪಾಸ್‌ವರ್ಡ್ ಒತ್ತಿ ಬ್ಯಾಂಕಿನ ಪುಟ ತೆರೆದರು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಬ್ಯಾಂಕಿನಿಂದ ಒಬ್ಬಳು ಹುಡುಗಿ, ಹಿಂದಿಯಲ್ಲಿ. ನಮ್ಮ ಖಾತೆಯಿಂದ ಹಣ ಕಳಿಸಲು ಹೊಸಬರೊಬ್ಬರ ಹೆಸರು ಸೇರಿಸಲು ಪ್ರಯತ್ನ ನಡೆಯುತ್ತಿದೆ, ಅದು ನೀವೇಯಾ ಎಂದು ಅವಳು ಕೇಳಿದ್ದೆಂದು ನನಗೆ ತಿಳಿದದ್ದು ಆಮೇಲೆ. ನನ್ನ ಹಿಂದಿ ತರಕಾರಿ ಮಾರ್ಕೆಟಿನ ಆಚೆ ಹೋಗುವುದಿಲ್ಲ. ಫೋನು ಹಿಡಿದುಕೊಂಡು ಇವರ ಹತ್ತಿರ ಓಡಿದೆ.

"ಬ್ಯಾಂಕಿಂದಂತೆ. ಎಂತದೋ ಕೇಳ್ತಾಳೆ."

"ಕಟ್ ಮಾಡು ಮಾರಾಯ್ತಿ!" ಎಂದರು ಇವರು. "ಹಿಂದಿ ಮಾತಾಡ್ತಾಳೆ ಅಂದ್ರೆ ಫ್ರಾಡೇ. ಎಷ್ಟು ಸಲ ಹೇಳಿದ್ದೇನೆ ನಿಂಗೆ?"

ನಾನು ಪರದೆ ನೋಡಿದೆ. ಇವರ ಎರಡೂ ಕೈ ಮಡಿಲಲ್ಲಿದ್ದವು. ಬಾಣದ ಗುರುತು ಮಾತ್ರ ತಾನಾಗಿ ಓಡಾಡುತ್ತಿತ್ತು. ನಮ್ಮ ಬ್ಯಾಂಕಿನ ಪುಟದಲ್ಲಿ, ತನ್ನ ಮನೆಯ ಅಂಗಳದಲ್ಲಿ ನಡೆದಾಡಿದಂತೆ. ಅಲ್ಲಿ ಅಮ್ಮನ ಗದ್ದೆ ಇತ್ತು. ಕಂಪ್ಯೂಟರಿನ ಜ್ಞಾನ ನನಗಿಲ್ಲ, ಆದರೆ ನೆಟ್ಟಿನ ಪೆಟ್ಟಿಗೆಯ ಪ್ಲಗ್ ಎಲ್ಲಿದೆ ಎಂದು ಗೊತ್ತಿತ್ತು, ಮಿಕ್ಸಿ ಬೋರ್ಡಿನ ಪಕ್ಕ. ಹೋಗಿ ಕಿತ್ತುಹಾಕಿದೆ. ಬಾಣ ಅಲ್ಲೇ ನಿಂತಿತು.

"ಎಂತ ಮಾಡಿದ್ದು ನೀನು? ಪಾಪ, ಅವ ಕೆಲಸ ಮಾಡ್ತಾ ಇದ್ದ!"

"ಅದೇ ನಾನೂ ನೋಡಿದ್ದು" ಎಂದೆ. ಸ್ಪೀಕರಿನಲ್ಲಿ ಅಣ್ಣೇ, ಅಣ್ಣೇ ಎನ್ನುತ್ತಿದ್ದವನನ್ನು ಕಟ್ ಮಾಡಿದೆ. ಒಲೆ ಆರಿಸಿ, ಇವರನ್ನು ಅಕ್ಷರಶಃ ಎಬ್ಬಿಸಿಕೊಂಡು ರಿಕ್ಷಾದಲ್ಲಿ ಫಳ್ನೀರಿನ ಬ್ಯಾಂಕ್ ಶಾಖೆಗೆ ಹೋದೆ. ಅಲ್ಲಿಯವರು ಆನ್‌ಲೈನ್ ದಾರಿಯನ್ನೆಲ್ಲ ಮುಚ್ಚಿದರು. ಹಣ ಹೋಗಿರಲಿಲ್ಲ. ಹಿಂದಿ ಹುಡುಗಿ ನಿಜವಾಗಿಯೂ ಬ್ಯಾಂಕಿನವಳೇ. ಆ ಹಣವನ್ನು ನಾನು ನನ್ನೊಬ್ಬಳದೇ ಹೆಸರಿನ ಖಾತೆಗೆ ಹಾಕಿಸಿದೆ. ಇವರು ತೋರಿಸಿದಲ್ಲೆಲ್ಲ ಸಹಿ ಮಾಡಿದರು. ಲ್ಯಾಪ್‌ಟಾಪನ್ನು ಅಂಗಡಿಯವನು ತೊಳೆದು ಬಳಿದು ಕೊಟ್ಟ. ಈಗ ಅದರಲ್ಲಿ ಒಂದೇ ಆಂಟಿವೈರಸ್ ಇದೆ.

ಪೊಲೀಸರಿಗೆ ದೂರು ಕೊಡಿ ಎಂದು ಶಾಖೆಯಲ್ಲಿ ಹೇಳಿದ್ದರು. ಇವರು ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

"ಮಿಲ್ಲಿನ ಹಿಂದಿನ ಮನೆಯ ಹುಡುಗ. ಯಾರದ್ದೋ ಸಹವಾಸದಿಂದ ಹಾಳಾಗಿದ್ದಾನೆ. ನಾವೇ ಜೈಲಿಗೆ ಕಳಿಸುವುದಾ?"

"ಅವ ಆ ಮನೆಯವ ಅಂತ ಯಾರು ಹೇಳಿದ್ದು?"

"ಅವನೇ ಹೇಳಿದ್ದಲ್ವಾ!"

"ಹೇಳಿದ್ದು ನೀವು. ಅವ ಹೌದು ಅಂದ, ಅಷ್ಟೇ."

ನನಗೆ ರೇಗಿಹೋಯಿತು. ನನ್ನ ಅಮ್ಮನ ದುಡ್ಡಿಗೆ ಕೈ ಹಾಕಿದವನ ಮೇಲೆ ಇವರಿಗೆ ಮರುಕ! ಅನ್ನ ಬಡಿಸುವುದೊಂದು ಬಿಟ್ಟು ಉಳಿದ ಮಾತುಕತೆ ನಾನು ನಿಲ್ಲಿಸಿದೆ. ಇವರು ವಾಟ್ಸಾಪಿನಲ್ಲಿ ಎಚ್ಚರಿಕೆ ಬರೆಯುವುದನ್ನು ನಿಲ್ಲಿಸಿದರು. ಮಿಲ್ಲಿನ ಹಿಂದಿನ ಮನೆಯವರು ಗೃಹಪ್ರವೇಶಕ್ಕೆ ಕರೆಯಲು ಬಂದಾಗ ಇವರು ಅವರ ಮುಖ ನೋಡಲಾರದೆ ಒಳಗೆ ಹೋಗಿ ಮಲಗಿಬಿಟ್ಟರು. ಏನೂ ಅರಿಯದ ಆ ದಂಪತಿ ಶರಬತ್ತು ಕುಡಿದು, ಅಣ್ಣನಿಗೆ ಹುಷಾರಿಲ್ಲವೇ ಎಂದು ಕೇಳಿ ಹೋದರು.

ಕೆಲವು ದಿನ ಕಳೆದು ನನ್ನ ಫೋನಿಗೆ ಕರೆ ಬಂತು. "ಅಕ್ಕೇ, ಒಣಸ್ ಆಂಡಾ?" ಅದೇ ದನಿ. ನನ್ನ ನಂಬರು ಬ್ಯಾಂಕಿನ ಪುಟದಲ್ಲಿ ಕಂಡಿರಬೇಕು. ಅಣ್ಣ ಫೋನು ಎತ್ತುತ್ತಿಲ್ಲವಂತೆ, ಅವತ್ತು ನೆಟ್ಟು ಹೋಗಿ ಕೆಲಸ ಅರ್ಧಕ್ಕೆ ನಿಂತಿದೆಯಂತೆ. ಇಡೀ ಮಂಗಳೂರಿನಲ್ಲಿ ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸಲು ತಾನಾಗಿ ಫೋನು ಮಾಡಿದವನು ಇವನೊಬ್ಬನೇ. ನಮ್ಮ ಪ್ಲಂಬರ್ ಇವತ್ತಿಗೂ ಮಾಡಿಲ್ಲ.

ನಾನು ಸ್ಪೀಕರ್ ಹಾಕಿ ಇವರ ಎದುರು ಮೇಜಿನ ಮೇಲೆ ಫೋನಿಟ್ಟೆ. ಬಾಯಿ ತೆರೆಯಬೇಡಿ ಎಂದು ಬೆರಳು ತೋರಿಸಿದೆ.

"ನಿಮ್ಮ ಮನೆ ಎಲ್ಲಿ ಆಯ್ತು ಹೇಳಿದ್ದು? ನಮ್ಮ ಯಜಮಾನರ ತಂಗಿಯನ್ನು ಕೊಟ್ಟ ಮನೆಯಲ್ವಾ?"

"ಹೌದು ಅಕ್ಕೇ, ಅದೇ ಮನೆ."

ಒಬ್ಬನೇ ಮಗನಾಗಿ ಹುಟ್ಟಿದವರು ತಲೆ ಎತ್ತಿ ಫೋನನ್ನು ನೋಡಿದರು.

"ಹಾಗಾದ್ರೆ ಅವಳು ನಿಂಗೆ ಎಂತ ಆಗ್ಬೇಕು?"

"ನನ್ನ ಅತ್ತೆಯೇ ಅಲ್ವಾ ಅಕ್ಕೇ."

"ಹೇಗಿದ್ದಾಳೆ ಈಗ?"

"ಚೆನ್ನಾಗಿದ್ದಾರೆ ಅಕ್ಕೇ. ಅಣ್ಣ ಹೇಗಿದ್ದಾರೆ, ಯಾಕೆ ಈ ಕಡೆ ಬರುವುದೇ ಇಲ್ಲ ಅಂತ ಯಾವಾಗಲೂ ಕೇಳ್ತಾ ಇರ್ತಾರೆ."

ನಾನು ಕಟ್ ಮಾಡಿದೆ. ಇವರು ಫೋನನ್ನೂ ನನ್ನನ್ನೂ ನೋಡಿದರು. ಆಮೇಲೆ ಹೊಟ್ಟೆ ಅಲುಗಿಸಿಕೊಂಡು ನಗತೊಡಗಿದರು. ನನಗೂ ತಡೆಯಲಾಗಲಿಲ್ಲ. ಎಷ್ಟೋ ದಿನಗಳ ಸಿಟ್ಟೆಲ್ಲ ಆ ನಗುವಿನಲ್ಲಿ ಹೋಯಿತು.

"ಹಾಗಾದ್ರೆ ಅವ ನಮ್ಮವ ಅಲ್ಲ!" ಎಂದರು. ಹಣ ಉಳಿಯಿತೆಂದು ಗೊತ್ತಾದ ದಿನವೂ ಅವರ ಮುಖ ಅಷ್ಟು ಹಗುರವಾಗಿರಲಿಲ್ಲ. ತಾವಾಗಿಯೇ ಅಂಗಿ ಹಾಕಿಕೊಂಡು, "ನಡಿ, ದೂರು ಕೊಟ್ಟು ಬರುವ. ಮತ್ತೆ ಮಿಲ್ಲಿನ ಹಿಂದಿನ ಮನೆಗೂ ಹೋಗಿ ಬರ್ಬೇಕು" ಎಂದರು.

ರಿಕ್ಷಾದಲ್ಲಿ ದಾರಿಯುದ್ದಕ್ಕೂ ಅವರು ಹೊರಗೆ ನೋಡುತ್ತಿದ್ದರು. ಠಾಣೆ ಹತ್ತಿರವಾದಾಗ ನನ್ನ ಕಡೆ ಬಾಗಿದರು, ಡ್ರೈವರಿಗೆ ಕೇಳಿಸಬಾರದೆಂದು.

"ಯಾವಾಗಲೂ ನನ್ನನ್ನು ಕೇಳ್ತಾ ಇರ್ತಾಳಂತೆ ಮಾರಾಯ್ತಿ, ತಂಗಿ."