ಮಾಯಕ್ಕ ಬೆಳಗಾವಿಯನ್ನು ತೂಗಿದ ದಿನ

ಮನುಷ್ಯರು ಬೆಳಗಾವಿಗೆ ಹೋಗುವುದು ಎರಡೇ ಕಾರಣಕ್ಕೆ ಎಂದು ಮಾಯಕ್ಕ ನಂಬಿದ್ದಳು. ಜಡ್ಡಾದರೆ ನೆಹರು ನಗರದ ದವಾಖಾನೆಗೆ, ಕಳವು ಮಾಡಿದರೆ ಹಿಂಡಲಗಾ ಜೈಲಿಗೆ.

"ನನಗ ಜಡ್ಡೂ ಇಲ್ಲ, ನಾ ಕಳವೂ ಮಾಡಿಲ್ಲ. ಮತ್ತ ನಾ ಯಾಕ ಬರ್ಲಿ?" ಎಂದು ಸೊಸೆ ತ್ರಿವೇಣಿಯನ್ನು ಕೇಳಿದಳು.

ಕೆಲಸ ಸಿಕ್ಕಿದ್ದು ತ್ರಿವೇಣಿಗೆ. ನರ್ಸಿಂಗ್ ಮುಗಿಸಿ, ಮದುವೆಯಾಗಿ, ಅಮರನನ್ನು ಹಡೆದು, ನಾಲ್ಕು ವರ್ಷ ಮನೆಯಲ್ಲಿ ಕುಳಿತವಳಿಗೆ ನೆಹರು ನಗರದ ದವಾಖಾನೆಯೊಂದರಿಂದ ಕಾಗದ ಬಂದಿತ್ತು. ಜೂನ್ ಒಂದನೇ ತಾರೀಕು ಹಾಜರಾಗಬೇಕು, ಇಲ್ಲವಾದರೆ ಪಟ್ಟಿಯಲ್ಲಿ ಅವಳ ಹಿಂದಿನವಳಿಗೆ ಹೋಗುತ್ತದೆ. ಪಾಳಿ ಕೆಲಸ, ಖಾನಾಪುರದಿಂದ ದಿನಾ ಓಡಾಡುವಂಥದ್ದಲ್ಲ. ಗಂಡ ಗುರುಸಿದ್ದನದು ಖಾನಾಪುರದ ಹೆಂಚಿನ ಕಾರ್ಖಾನೆಯಲ್ಲಿ ಹಗಲು ಡ್ಯೂಟಿ. ಬೆಳಗಾವಿಯಲ್ಲಿ ಮನೆ ಮಾಡಿದರೆ ತಾನೇ ಓಡಾಡುತ್ತೇನೆಂದು ಒಪ್ಪಿದ್ದ. ಆದರೆ ಮೂರು ವರ್ಷದ ಅಮರನನ್ನು ನೋಡಿಕೊಳ್ಳುವವರು ಯಾರು? ಮಾಯಕ್ಕ ಬಂದರೆ ನೌಕರಿ ಉಂಟು, ಬರದಿದ್ದರೆ ಇಲ್ಲ.

ತ್ರಿವೇಣಿ ಡೈರಿಯ ಹಾಳೆಯ ನಡುವೆ ಗೆರೆ ಎಳೆದಳು. ಒಂದು ಕಡೆ ಖಾನಾಪುರ, ಇನ್ನೊಂದು ಕಡೆ ಬೆಳಗಾವಿ. ಮಾಯಕ್ಕ ಬೇಳೆ ಆರಿಸುತ್ತ ಕುಳಿತಿದ್ದಳು.

"ಬೆಳಗಾವ್ಯಾಗ ಸಾಲಿ ಚಲೋ ಅದಾವ್ರಿ ಅತ್ತಿ."

"ಅಂವಾ ಇನ್ನೂ ಚಡ್ಡಿ ಹಾಕ್ಕೊಳ್ಳೂದು ಕಲ್ತಿಲ್ಲ, ಅವಗ ಯಾವ ಸಾಲಿ?"

"ದವಾಖಾನಿ ಬಾಜುಕ ಇರತೈತ್ರಿ."

"ಬಾಜುಕ ದವಾಖಾನಿ ಇದ್ರ ಇಲ್ಲದ ಜಡ್ಡ ಬರ್ತಾವು. ಅದನ್ನ ಖಾನಾಪುರದ ಕಡೆ ಬರಕೋ. ದವಾಖಾನಿ ದೂರ ಐತಿ, ಚಲೋ."

ಹೀಗೆ ಖಾನಾಪುರದ ಸಾಲು ಬೆಳೆಯಿತು. ಮಲಪ್ರಭೆಯ ನೀರು. ಕೇಳದೆಯೇ ಮಜ್ಜಿಗೆ ಕೊಡುವ ನೆರೆಯವರು. ಸತ್ತರೆ ಹೊರಲು ಗುರುತಿನ ಮಂದಿ. ಬೆಳಗಾವಿಯ ಕಡೆ ಕೊನೆಗೆ ಉಳಿದದ್ದು ಅಲ್ಲಿನ ಸಿಹಿತಿಂಡಿ ಕುಂದಾ ಒಂದೇ. ಅದನ್ನೂ ಮಾಯಕ್ಕ "ತಂದ್ರ ಇಲ್ಲೇ ಕುಂತು ತಿನ್ನಬಹುದಲ್ಲ" ಎಂದು ಹೊಡೆದುಹಾಕಿಸಿದಳು.

ಎಂಟು ವರ್ಷದ ಹಿಂದೆ ಮಗನ ಜೊತೆ ತಮ್ಮ ಹಳ್ಳಿ ಬೀಡಿಯನ್ನು ಬಿಟ್ಟು ಖಾನಾಪುರಕ್ಕೆ ಬರುವಾಗ ಇದೇ ಮಾಯಕ್ಕ ಎಮ್ಮೆಯ ಕೊರಳು ಹಿಡಿದು ಅತ್ತಿದ್ದಳಂತೆ. ಖಾನಾಪುರದ ನೀರಿಗೆ ಕೂದಲು ಉದುರುತ್ತವೆ ಎಂದಿದ್ದಳಂತೆ. ಈಗಲೂ ಅವಳ ತುರುಬು ತ್ರಿವೇಣಿಯ ತುರುಬಿಗಿಂತ ದಪ್ಪ. ಆ ಮಾತನ್ನು ತ್ರಿವೇಣಿ ಎತ್ತಲಿಲ್ಲ. "ಬರೇ ನೋಡಿ ಬರೂಣ್ರಿ ಅತ್ತಿ, ಸೇರದಿದ್ರ ಬ್ಯಾಡ" ಎಂದಳು.

ನೋಡಿ ಹೆಸರಿಡುವ, ಕೊಂಕು ತೆಗೆಯುವ ಅವಕಾಶವನ್ನು ಮಾಯಕ್ಕ ಎಂದೂ ಬಿಟ್ಟವಳಲ್ಲ. ಒಪ್ಪಿದಳು. ಬಸ್ಸಿನಲ್ಲಿ ಕುಳಿತು, ಇನ್ನೂ ಕಾಣದ ಮನೆಯ ದೋಷಗಳನ್ನು ಬೆರಳು ಮಡಿಚಿ ಎಣಿಸುತ್ತಲೇ ಬಂದಳು.

ಮನೆ ನೆಹರು ನಗರದ ಒಳ ಓಣಿಯಲ್ಲಿತ್ತು. ಮಾಲಕಿ ಭೀಮಕ್ಕ ಮೇಲಿನ ಮಾಳಿಗೆಯಲ್ಲಿ ಒಬ್ಬಳೇ ಇದ್ದಳು, ಕೆಳಗಿನ ಎರಡು ಖೋಲಿ ಬಾಡಿಗೆಗೆ. ಅಂಗಳದಲ್ಲಿ ಪೇಪರ್ ಹಾಸಿ ಮೆಣಸಿನಕಾಯಿ ಒಣಹಾಕಿದ್ದಳು. ಮಾಯಕ್ಕನಿಗೆ ಓದಲು ಬರುತ್ತಿರಲಿಲ್ಲ, ಆದರೆ ತಲೆಯ ಮೇಲೆ ಗೆರೆ ಇದ್ದರೆ ಮರಾಠಿ ಅಕ್ಷರ ಎಂಬುದು ಗೊತ್ತಿತ್ತು. "ಮರಾಠಿ ಮಂದಿ" ಎಂದು ಸೊಸೆಯ ಕಿವಿಯಲ್ಲಿ ಹೇಳಿ, ಮುಖದ ತುಂಬ ನಗು ತಂದುಕೊಂಡು, "ನಮಸ್ಕಾರ ತಾಈ, ಆಮೀ ಖಾನಾಪೂರಚೇ" ಎಂದಳು. ಖಾನಾಪುರ ಎಂದದ್ದೇ ಭೀಮಕ್ಕನೂ "ಯಾ ಯಾ, ಬಸಾ" ಎಂದು ಮರಾಠಿಯಲ್ಲೇ ಒಳಗೆ ಕರೆದಳು.

ತೊಂದರೆ ಸುರುವಾದದ್ದು ಇಲ್ಲಿ. ಮಾಯಕ್ಕನ ಮರಾಠಿ ಸಂತೆಯ ಮರಾಠಿ. ರೇಟು ಕೇಳಬಹುದು, ಹಾಲು ಬೇಕೆನ್ನಬಹುದು, ಯಾರದಾದರೂ ಮಗುವನ್ನು ಚೆಂದ ಇದೆಯೆನ್ನಬಹುದು. ಹೆಸರಿಡುವುದಕ್ಕೆ ಅದರಲ್ಲಿ ಮಾತೇ ಇರಲಿಲ್ಲ.

ಮೊದಲ ಖೋಲಿ ನೋಡಿದಳು. 'ಇದೇನು ಮನಿಯೋ ಕೋಳಿಗೂಡೋ' ಎಂಬುದು ನಾಲಿಗೆಯ ತುದಿಗೆ ಬಂತು. ಮರಾಠಿ ಹುಡುಕಿದಳು, ಸಿಗಲಿಲ್ಲ. "ಛಾನ್ ಆಹೇ" ಎಂದಳು. ಚೆಂದ ಐತಿ.

ಬಚ್ಚಲ ಕಲ್ಲು ಬಿರುಕು ಬಿಟ್ಟಿತ್ತು. "ಛಾನ್."

ನಳದ ನೀರು ವಾರಕ್ಕೆ ಎರಡು ದಿನ ಎಂದು ಭೀಮಕ್ಕ ಎರಡು ಬೆರಳು ತೋರಿಸಿದಳು. "ಖೂಪ ಛಾನ್!" ಎಂದು ಮಾಯಕ್ಕ ಹಲ್ಲು ಕಚ್ಚಿದಳು. ಭಾಳ ಚೆಂದ.

ತ್ರಿವೇಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಚಹಾದ ಕಪ್ಪು ಬಸಿ ತರಲು ಭೀಮಕ್ಕನ ಹಿಂದೆ ಮೇಲೆ ಹೋದಾಗ ಅಡಿಗೆಮನೆಯಲ್ಲಿ ಕೇಳಿಸಿತು: "ಹಾಳಾದ ಕಡ್ಡಿಪೆಟ್ಟಿಗಿ, ಎಲ್ಲಿ ಸತ್ತೈತೋ!" ಅಚ್ಚ ಕನ್ನಡ. ತ್ರಿವೇಣಿ ಹೊಸ್ತಿಲಲ್ಲೇ ನಿಂತಳು. ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಸ್ಸಿನಲ್ಲಿ ಅತ್ತೆ ದೋಷ ಎಣಿಸಿ ಮಡಿಚಿಟ್ಟುಕೊಂಡ ಬೆರಳುಗಳೆಲ್ಲ ಅವಳಿಗೆ ನೆನಪಾದವು. ಸುಮ್ಮನೆ ಚಹಾ ತಂದಳು.

ಚಹಾ ಮುಗಿಯಿತು. ಯಾವಾಗ ಬರುತ್ತೀರಿ ಎಂದು ಭೀಮಕ್ಕ ಕೇಳಿದಳು. ಚಹಾ ಕೊಟ್ಟವಳ ಎದುರು 'ನಾಹೀ' ಅನ್ನಲಾಗದೆ ಮಾಯಕ್ಕ "ಹೋ ಹೋ" ಎಂದು ಒಪ್ಪಿಬಿಟ್ಟಳು. ಭೀಮಕ್ಕ ಕೀಲಿ ತಂದು ಅವಳ ಅಂಗೈಯಲ್ಲಿಟ್ಟಳು. ಮಾಯಕ್ಕ ಅದನ್ನು ಚೇಳು ನೋಡಿದಂತೆ ನೋಡಿದಳು.

ಅಷ್ಟರಲ್ಲಿ ಅಮರ ನೀರಿನ ಟಾಕಿಯ ಮೇಲೇರಿ ನಿಂತಿದ್ದ.

"ಏ ಮಂಗ್ಯಾ, ಇಳಿ ಕೆಳಗ! ಒಳಗ ಬೀಳ್ತಿ ನೋಡ!" ಭೀಮಕ್ಕ ಕಿರುಚಿದಳು.

"ಇಳೀಲೇ ನಿನ್ನ ಕಾಲ ಮುರೀಲಿ!" ಮಾಯಕ್ಕನೂ ಕಿರುಚಿದಳು.

ತ್ರಿವೇಣಿ ಓಡಿಹೋಗಿ ಮಗನನ್ನು ಎತ್ತಿಕೊಂಡಳು. ಇಬ್ಬರು ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿದರು.

"ಅಯ್ಯ, ನೀವು ಕನ್ನಡದವ್ರ?" ಎಂದಳು ಭೀಮಕ್ಕ.

"ಮತ್ತ ನೀವು?"

"ನಂದು ಬೈಲಹೊಂಗಲ ಕಡೆ ರೀ. ಖಾನಾಪುರದವ್ರು ಅಂದ್ರಿ, ಅಲ್ಲಿ ಮರಾಠಿ ಮಂದಿನ ಜಾಸ್ತಿ, ಪಾಪ, ತ್ರಾಸ ಆಗಬಾರ್ದು ಅಂತ ಮರಾಠಿ ಹಚ್ಚಿದೆ."

"ನಾನೂ ಅದಕ್ಕರೀ!" ಎಂದ ಮಾಯಕ್ಕ ಮತ್ತೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. "ಹಂಗಾದ್ರ ಕೇಳ್ರಿ. ಖೋಲಿ ಅಗದೀ ಸಣ್ಣದು."

"ಖಾನಾಪುರದಾಗ ಏನ್ ಅರಮನಿ ಇತ್ತೇನ್ರಿ?"

"ಬಚ್ಚಲ ಒಡದೈತಿ. ಚಹಾಕ್ಕ ಸಕ್ರಿ ಕಮ್ಮಿ."

"ಸಕ್ರಿ ಜಾಸ್ತಿ ಹಾಕಿದ್ರ ಬಾಜುಕ ದವಾಖಾನಿ ಐತ್ರಿ, ಹೋಗೂದಾಗತೈತಿ. ನಿಮ್ಮ ಮೊಮ್ಮಗಗ ಬುದ್ಧಿ ಕಮ್ಮಿ, ಅದನ್ಯಾಕ ಹೇಳವಲ್ರಿ?"

ಮುಗಿಯಿತು, ಪಟ್ಟಿಯಲ್ಲಿ ತನ್ನ ಹಿಂದಿನವಳಿಗೆ ಅದೃಷ್ಟ ಖುಲಾಯಿಸಿತು ಎಂದುಕೊಂಡಳು ತ್ರಿವೇಣಿ. ಒಂದು ತಾಸು ಇಬ್ಬರೂ ಬಿಡಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎಬ್ಬಿಸಿಕೊಂಡು ಬಂದಾಗಲೂ ಮಾಯಕ್ಕ ಗೇಟಿನ ಹತ್ತಿರ ಎರಡು ಸಲ ಹೊರಳಿ ನಿಂತು ಉತ್ತರ ಕೊಟ್ಟಳು.

ಬಸ್ಸಿನಲ್ಲಿ ಅಮರ ತ್ರಿವೇಣಿಯ ತೊಡೆಯ ಮೇಲೆ ನಿದ್ದೆ ಹೋದ. ಮಾಯಕ್ಕ ಕೇಳಿದಳು. "ಆಕಿ ಕನ್ನಡದಾಕಿ ಅನ್ನೂದು ನಿನಗ ಮೊದಲ ಗೊತ್ತಿತ್ತ?"

"ಗೊತ್ತಿತ್ರಿ."

"ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಛಾನ್ ಅಂತಿದ್ದಿಲ್ರಿ ಅತ್ತಿ." ತ್ರಿವೇಣಿ ಮಗನ ತಲೆಯನ್ನು ತನ್ನ ಕಡೆ ಎಳೆದುಕೊಂಡಳು. "ನೌಕರಿ ಆಶಾಕ್ಕ ಬಿದ್ದು ತಪ್ಪ ಮಾಡಿದೆ. ನೀವು ಬ್ಯಾಡ ಅಂದ್ರ ಬ್ಯಾಡ, ನಾಳೆ ಹೋಗಿ ಕೀಲಿ ಕೊಟ್ಟು ಬರ್ತೀನಿ."

ಮಾಯಕ್ಕ ಕೀಲಿ ಇದ್ದ ಮುಷ್ಟಿ ಬಿಗಿ ಮಾಡಿದಳು. "ಖಾನಾಪುರದಾಗ ನಾ ಏನಂದ್ರೂ ಎಲ್ಲಾರೂ ಹೂಂ ಆಯಿ, ಹೂಂ ಆಯಿ ಅಂತಾರ. ಎಂಟು ವರ್ಷ ಆತು, ಒಬ್ರೂ ಉಲ್ಟಾ ಮಾತಾಡಿಲ್ಲ. ಆ ಭೀಮಕ್ಕ ನೋಡು, ನಮ್ಮ ಹುಡುಗಗ ಬುದ್ಧಿ ಕಮ್ಮಿ ಅಂದ್ಲು! ಅದಕ್ಕ ಏನನ್ನಬೇಕು ಅನ್ನೂದು ನನಗ ಈಗ ಹೊಳೀತು, ಬಸ್ ಹತ್ತಿದ ಮ್ಯಾಲ."

"ಒಂದನೇ ತಾರೀಕಿಗೆ ಹೇಳೀರಂತ," ಎಂದಳು ತ್ರಿವೇಣಿ, ಮೆಲ್ಲಗೆ.

"ಅಲ್ಲೀತನಕ ತಡಿಯಾಕ ಆಗೂದಿಲ್ಲ ನನಗ. ಮೂರು ದಿನ ಮೊದಲ ಹೋಗೂಣು."