ಹದಿನಾಲ್ಕು ಇಂಚಿನಲ್ಲಿ ಇಳಕಲ್ ಸೀರೆ

ಎರಡು ಸಾವಿರದ ಇಸವಿಯ ಆ ಬೇಸಿಗೆಯಲ್ಲಿ ಬದರಿಯನ್ನು ಊಟಕ್ಕೆ ಕರೆಯಲು ಅಮೆರಿಕದ ಎಡಿಸನ್ ಊರಿನ ಸುತ್ತಮುತ್ತಲ ಕನ್ನಡದವರು ಹಿಂದೆಮುಂದೆ ನೋಡುತ್ತಿದ್ದರು. ಚಪ್ಪಲಿ ಬಿಟ್ಟು ಒಳಗೆ ಬಂದವನು, "ಆಂಟಿ, ನಿಮ್ಮನೆ ಕಂಪ್ಯೂಟರ್ ಎಲ್ಲಿದೆ?" ಎಂದು ಕೇಳುತ್ತಿದ್ದ. ಅದಕ್ಕೆ ಹೊದಿಸಿದ್ದ ಹಳೆಯ ಬೆಡ್‌ಶೀಟ್ ಸರಿಸಿ, ಮನೆಯ ಫೋನ್ ಲೈನಿನಲ್ಲೇ ಇಂಟರ್‌ನೆಟ್ ಹಿಡಿದು, ತಾನು ಮಾಡಿದ ವೆಬ್‌ಸೈಟ್ ಆ ಪರದೆಯಲ್ಲಿ ಹೇಗೆ ಕಾಣುತ್ತದೆಂದು ನೋಡಿದ ಮೇಲೆಯೇ ಅವನಿಗೆ ಹಸಿವು. ಅಷ್ಟರಲ್ಲಿ ಚಪಾತಿ ಆರಿ ತಣ್ಣಗಾಗಿರುತ್ತಿತ್ತು. ಆದರೂ ಕರೆಯುತ್ತಿದ್ದರು. ಹುಡುಗ ಒಳ್ಳೆಯವನು, ತಿಂದ ತಟ್ಟೆ ತೊಳೆದಿಟ್ಟು ಹೋಗುವವನು.

ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ಆರು ತಿಂಗಳ ಕೋರ್ಸ್ ಮಾಡಿ ಕಂಪ್ಯೂಟರಿಗೆ ಹಾರಿದವನು ಬದರಿ. ಆಗ ಅರ್ಧ ಊರೇ ಹಾಗೆ ಹಾರಿತ್ತು. ಪಿಸ್ಕಾಟವೇಯ ಆಫೀಸಿನಲ್ಲಿ ಹಗಲೆಲ್ಲ ಬೇರೆಯವರ ತಪ್ಪು ತಿದ್ದುತ್ತಿದ್ದ. ಇದು ನಾನೇ ಮಾಡಿದ್ದು ಎಂದು ತೋರಿಸಲು ಅವನಿಗಿದ್ದದ್ದು ಒಂದೇ ಒಂದು: ಐಸೆಲಿನ್ನಿನಲ್ಲಿ ಶೈಲಮ್ಮನವರ ಸೀರೆ ಅಂಗಡಿಯ ವೆಬ್‌ಸೈಟ್.

ಶೈಲಮ್ಮ ಬಾಗಲಕೋಟೆಯ ಕಡೆಯವರು, ಇಳಕಲ್ ಸೀರೆ ತರಿಸಿ ಮಾರುವವರು. ವೆಬ್‌ಸೈಟ್ ನೋಡಿ ಓಹಾಯೊ, ಕಾನ್ಸಾಸ್‌ಗಳಿಂದ ಜನ ಸೀರೆ ತರಿಸಿಕೊಂಡರು. ಆಮೇಲೆ ನಾಲ್ಕು ಸೀರೆ ವಾಪಸ್ ಬಂದವು. "ಚಿತ್ರದಲ್ಲಿ ಕೆಂಪು ಸೆರಗೇ ಇರಲಿಲ್ಲ" ಎಂದು ನಾಲ್ಕರಲ್ಲೂ ಚೀಟಿ. ಕೆಂಪು ಸೆರಗಿಲ್ಲದ ಇಳಕಲ್ ಸೀರೆಯೆಂದರೆ ಶೈಲಮ್ಮನವರಿಗೆ ಮೈ ಉರಿಯದೆ ಇರುತ್ತದೆಯೇ?

"ನೋಡು ತಮ್ಮಾ, ಇನ್ನೊಂದು ಸೀರಿ ತಿರುಗಿ ಬಂತಂದ್ರ ನಿನ್ನ ವೆಬ್‌ಸೈಟ್ ಬಂದ್," ಎಂದರು.

ಬದರಿ ಮತ್ತೆ ತೆರೆದು ನೋಡಿದ. ಆಫೀಸಿನ ದೊಡ್ಡ ಪರದೆಯಲ್ಲಿ ಸೀರೆ ಉದ್ದಕ್ಕೂ ಹರಡಿಕೊಂಡು ಚೆಂದ ಕಾಣುತ್ತಿತ್ತಲ್ಲ! ಮನೆಮನೆಯ ಕಂಪ್ಯೂಟರ್ ತೆರೆಯುವ ಚಟ ಅವನಿಗೆ ಹತ್ತಿದ್ದು ಆಗಲೇ. ಗೆಳೆಯ ಸುಬ್ಬುವಿನ ಮನೆಯ ಹದಿನಾಲ್ಕು ಇಂಚಿನ ಪರದೆಯಲ್ಲಿ ಕಳ್ಳ ಸಿಕ್ಕಿಬಿದ್ದ. ಸೀರೆಯ ಒಡಲಷ್ಟೇ ಅಲ್ಲಿ ಹಿಡಿಸಿತ್ತು. ಬಲತುದಿಯ ಸೆರಗು ಪರದೆಯಿಂದಾಚೆ ಉಳಿದಿತ್ತು.

ಚಿತ್ರವನ್ನೇ ಕುಗ್ಗಿಸಿ ತೋರಿಸಿದ. "ಇದೇನು ಸೀರಿನೋ, ಲಂಗದ ಲಾಡಿನೋ?" ಎಂದರು ಶೈಲಮ್ಮ. ಎರಡು ತುಂಡು ಮಾಡಿ ಒಂದರ ಕೆಳಗೊಂದು ಇಟ್ಟ. "ನಾ ಸೀರಿ ಹರದು ಮಾರೂದಿಲ್ಲಪಾ," ಎಂದರು. ಬದರಿಗೆ ಊಟ ರುಚಿಸದಾಯಿತು. ವೆಬ್‌ಸೈಟ್ ಮುಚ್ಚಿದರೆ ಮುಚ್ಚಲಿ ಎನ್ನಲು ಅವನಿಂದ ಆಗಲಿಲ್ಲ. ಅದರ ಮೇಲೆ ಅವನಿಗೆ ಅಷ್ಟು ಪ್ರೀತಿಯಿತ್ತು.

ಶನಿವಾರ ಅಂಗಡಿಗೆ ಹೋದಾಗ ಕಾಲಿಡಲು ಜಾಗವಿರಲಿಲ್ಲ. ಹರಡಲು ಮೇಜು ಖಾಲಿಯಿಲ್ಲದೆ, ಶೈಲಮ್ಮ ನಿಂತಲ್ಲೇ ಒಂದು ಸೀರೆಯನ್ನು ಮಡಚಿ ಗಿರಾಕಿಯ ಕಣ್ಣೆದುರು ಹಿಡಿದರು. ಕೆಳಗೆ ಅಂಚು, ನಡುವೆ ಒಡಲು, ಮೇಲೊಂದು ಮಡಿಕೆ ಕೆಂಪು ಸೆರಗು, ಎಲ್ಲ ಒಂದು ಗೇಣು ಅಗಲದಲ್ಲಿ.

"ಆಂಟಿ, ಯಾವಾಗ್ಲೂ ಹೀಗೇ ಮಡಚ್ತೀರಾ?"

"ಜಾಗ ಇದ್ರ ಹಾಸ್ತೀನಿ, ಇಲ್ಲಂದ್ರ ಮಡಚ್ತೀನಿ. ಅದರಾಗೇನೈತಿ?"

ಬದರಿ ಮರುದಿನವೇ ಕ್ಯಾಮೆರಾ ತಂದು ಸೈಟಿನಲ್ಲಿದ್ದ ಅರವತ್ತೆರಡು ಸೀರೆಗಳನ್ನೂ ಮಡಚಿಸಿ ಫೋಟೋ ತೆಗೆದ. ಶೈಲಮ್ಮ ಬೈದುಕೊಂಡೇ ಮಡಚಿದರು. ಇನ್ನು ಮೇಲೆ ನೋಡುವವರ ಪರದೆ ಅಗಲವಿದ್ದರೆ ಹಾಸಿದ ಸೀರೆ, ಕಿರಿದಾಗಿದ್ದರೆ ಮಡಚಿದ ಸೀರೆ.

ಪರೀಕ್ಷೆಗೆಂದು ಶೈಲಮ್ಮ ಆರಿಸಿದ್ದು ಸೀರೆ ವಾಪಸ್ ಕಳಿಸಿದ್ದ ಕಾನ್ಸಾಸಿನ ಗುಜರಾತಿ ಡಾಕ್ಟರನ್ನು. ಆಕೆಯ ಮನೆಯಲ್ಲಿ ಎರಡು ಫೋನ್ ಲೈನಿದ್ದವು. ಒಂದರಲ್ಲಿ ಸೈಟ್ ತೆರೆದು, ಇನ್ನೊಂದರಲ್ಲಿ ಮಾತಾಡಿದರು. ಬದರಿ ಉಗುರು ಕಚ್ಚುತ್ತ ಅಂಗಡಿಯ ಫೋನಿನ ಸ್ಪೀಕರಿಗೆ ಕಿವಿಗೊಟ್ಟು ನಿಂತಿದ್ದ. ಅಂಚು ಕಾಣುತ್ತಿದೆ, ಸೆರಗು ಕಾಣುತ್ತಿದೆ, ಕೆಂಪಗಿದೆ ಎಂದರು ಡಾಕ್ಟರು ಹಿಂದಿಯಲ್ಲಿ. ಆಮೇಲೆ, ಎಲ್ಲ ಸರಿ, ಇದನ್ನು ಸ್ವಲ್ಪ ಬಿಚ್ಚಿ ತೋರಿಸಿ ಎಂದರು.

ಬದರಿಯ ಮುಖ ಇಳಿಯಿತು. ಶೈಲಮ್ಮ ಫೋನಿಗೆ ಕೈ ಅಡ್ಡ ಹಿಡಿದು ನಕ್ಕರು.

"ಯಾಕ ಮಾರಿ ಸಣ್ಣ ಮಾಡ್ತಿ? ಬಿಚ್ಚಿ ತೋರ್ಸು ಅಂದಾಕಿ ಅರ್ಧ ತಗೊಂಡಂಗ. ಈಗ ನಿನ್ನ ವೆಬ್‌ಸೈಟ್ ಅಂಗಡಿ ಆತು ನೋಡು."