ಹೊರಗಿನಿಂದ ಹಾಕಿದ ಕೀಲಿ

ಸಂಜೆ ಬ್ಯಾರಕ್‌ನ ಬಾಗಿಲು ಮುಚ್ಚುವಾಗ ಮೊದಲು ಸರಳು ಸರಿಯುತ್ತದೆ, ಆಮೇಲೆ ಕೀಲಿ ಬೀಳುತ್ತದೆ. ಹೈದರಾಬಾದಿನ ಜೈಲಿನಲ್ಲಿ ನಾನಿದ್ದಷ್ಟು ದಿನವೂ ಆ ಎರಡು ಸದ್ದುಗಳ ನಡುವೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಮೂವತ್ತರ ಹತ್ತಿರದ ಗಂಡಸು ನಾನು, ಗೋಡೆಗೆ ಬೆನ್ನು ಹಚ್ಚಿ, ನೀರು ಬಂತೇನೋ ಎಂದು ನೆಲವನ್ನು ಅಂಗೈಯಿಂದ ಮುಟ್ಟಿ ನೋಡುತ್ತಿದ್ದೆ. ನೆಲ ಒಣಗಿಯೇ ಇರುತ್ತಿತ್ತು. ಮತ್ತೆ ಮುಟ್ಟುತ್ತಿದ್ದೆ. ನಗುವವರು ನಗಲಿ, ಹೆದರಿಕೆಗೆ ಬುದ್ಧಿ ಹೇಳಿದರೆ ಅದು ಕೇಳುತ್ತದೆಯೇ?

ಆದರೆ ಅಲ್ಲಿ ಯಾರೂ ನಗಲಿಲ್ಲ. ಎದುರಿನ ಮೂಲೆಯಲ್ಲೊಬ್ಬ ಜೇಬುಗಳ್ಳನಿದ್ದ. ಪಕ್ಕದವನು ತಲೆ ಕೆರೆಯಲು ಕೈ ಎತ್ತಿದರೂ ಸಾಕು, ಮೊಣಕೈಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದ. ನನ್ನ ಪಕ್ಕದಲ್ಲಿದ್ದ ಬೀದರ ಕಡೆಯ ಮುದುಕ ಮೊದಲ ಸಂಜೆಯೇ ನನ್ನ ಬೆನ್ನ ಮೇಲೆ ಕೈ ಇಟ್ಟು, "ತಮ್ಮಾ, ಸಾವಕಾಶ ಉಸರ ಬಿಡು. ಇಲ್ಲಿ ಎಲ್ಲಾರಿಗೂ ಒಂದೊಂದು ಐತಿ. ನಮ್ಮಪ್ಪ ಸಿಟ್ಟು ಬಂದ್ರ ನನ್ನ ಹಗ್ಗಾ ಕಟ್ಟಿ ಬಾವ್ಯಾಗ ಇಳಿಬಿಡ್ತಿದ್ದ" ಎಂದ. ಊಟದ ವಿಷಯ ಹೇಳುವಷ್ಟು ಸಲೀಸಾಗಿ ಹೇಳಿದ. ಅವನು ಬಾವಿಯ ಕತೆ ಹೇಳಿದ ಮೇಲೆ ನಾನು ನನ್ನ ತಗಡಿನ ಮನೆಯ ಕತೆ ಹೇಳಿದೆ.

ಹೈದರಾಬಾದಿನ ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅಪ್ಪ ತೀರಿಹೋದ ಮೇಲೆ ಅವ್ವ ನನ್ನನ್ನು ಕಟ್ಟಿಕೊಂಡು ಯಾದಗಿರಿ ಕಡೆಯಿಂದ ಬಂದು ಅಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಕೂಲಿಯವರ ತಗಡಿನ ಮನೆಗಳ ಪಕ್ಕದಲ್ಲೇ ಮುಂದಿನ ಕಟ್ಟಡಕ್ಕೆಂದು ತೋಡಿದ ದೊಡ್ಡ ಗುಂಡಿ. ಅದರಲ್ಲಿ ಒಂದು ಕೂಸು ಬಿದ್ದು ಸತ್ತ ಮೇಲೆ ತಾಯಂದಿರೆಲ್ಲ ಒಂದು ರೂಢಿ ಮಾಡಿಕೊಂಡರು: ಬೆಳಿಗ್ಗೆ ಮಕ್ಕಳನ್ನು ಒಳಗೆ ಬಿಟ್ಟು, ರೊಟ್ಟಿ, ನೀರಿನ ತಂಬಿಗೆ ಇಟ್ಟು, ಹೊರಗಿನಿಂದ ಕೀಲಿ ಹಾಕಿ ಕೆಲಸಕ್ಕೆ ಹೋಗುವುದು. ಮತ್ತೇನು ಮಾಡಬೇಕಿತ್ತು ಅವರು, ಮಕ್ಕಳನ್ನು ಒಯ್ದು ಸಾಹೇಬರ ಟೇಬಲ್ಲಿನ ಮೇಲೆ ಕೂರಿಸಬೇಕಿತ್ತೇ? ಕೀಲಿಕೈ ಅವ್ವನ ಸೆರಗಿನ ಗಂಟಿನಲ್ಲಿರುತ್ತಿತ್ತು.

ಒಂದು ಮಧ್ಯಾಹ್ನ ಮಳೆ ಹೊಡೆದು ಗುಂಡಿ ತುಂಬಿತು. ನೀರು ತಗಡಿನ ಕೆಳಗಿನಿಂದ ನುಸುಳಿ ಮೊದಲು ಚಾಪೆಯನ್ನು ಎತ್ತಿತು, ಆಮೇಲೆ ತಂಬಿಗೆಯನ್ನು. ನಾನು ಜೋಳದ ಡಬ್ಬಿಯ ಮೇಲೆ ಹತ್ತಿ ನಿಂತೆ. ಡಬ್ಬಿಯೂ ಅಲುಗಾಡತೊಡಗಿತು. ಅವ್ವಾ ಎಂದು ಕೂಗಿ ಕೂಗಿ ಗಂಟಲು ಹೋಯಿತು. ಆ ಮಳೆಯ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳುತ್ತಿರಲಿಲ್ಲ. ಅವ್ವ ಮೇಲಿನ ಸ್ಲ್ಯಾಬಿನಿಂದ ಇಳಿದು ಓಡಿಬರುವಷ್ಟರಲ್ಲಿ ನೀರು ಎದೆ ಮುಟ್ಟಿತ್ತು. ಒದ್ದೆ ಸೆರಗಿನ ಗಂಟು ಬಿಚ್ಚಲಾಗದೆ ಅವಳು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದದ್ದು ತಗಡಿನ ಸಂದಿಯಲ್ಲಿ ಕಾಣುತ್ತಿತ್ತು. ಆಮೇಲೆ ನನ್ನನ್ನು ಊರಿಗೆ, ಅಜ್ಜಿಯ ಹತ್ತಿರ ಕಳಿಸಿದಳು. ಓದು ಬರಹ ಕಲಿತದ್ದು ಅಲ್ಲೇ. ಆ ದಿನದ ಮಾತನ್ನು ನಾವಿಬ್ಬರೂ ಎಂದೂ ಎತ್ತಲಿಲ್ಲ.

ದೊಡ್ಡವನಾದ ಮೇಲೆ ಅದೇ ಮಾದಾಪುರದ ಆಫೀಸೊಂದರಲ್ಲಿ ಚಹಾ ಕೊಡುವ, ನೆಲ ಒರೆಸುವ ಕೆಲಸಕ್ಕೆ ಸೇರಿದೆ. ಒಮ್ಮೆ ಯಾರದೋ ಲ್ಯಾಪ್‌ಟಾಪ್ ಕಾಣಲಿಲ್ಲ. ಸೆಕ್ಯುರಿಟಿಯವನು ನನ್ನನ್ನು ನೆಲಮಾಳಿಗೆಯ ಸಾಮಾನಿನ ಕೋಣೆಗೆ ತಳ್ಳಿ, ಸಾಹೇಬರು ಬರುವವರೆಗೆ ಇಲ್ಲೇ ಇರು ಎಂದು ಬಾಗಿಲು ಎಳೆದ. ಅದು ಪೂರ್ತಿ ಮುಚ್ಚುವ ಮೊದಲೇ ನಾನು ಬಾಗಿಲ ಸಮೇತ ಅವನನ್ನು ನೂಕಿ ಹೊರಗೆ ಬಿದ್ದೆ. ಅವನು ಮೆಟ್ಟಿಲಿಗೆ ಬಡಿದು ತೋಳು ಮುರಿದುಕೊಂಡ. ಲ್ಯಾಪ್‌ಟಾಪ್ ಮೀಟಿಂಗ್ ಕೋಣೆಯಲ್ಲೇ ಸಿಕ್ಕಿತಂತೆ. ಆದರೆ ಮುರಿದ ತೋಳು ಮುರಿದದ್ದೇ, ಕೇಸು ಆದದ್ದೇ.

ನಾನು ಎಲ್ಲ ಒಪ್ಪಿಕೊಂಡೆ. ಕೋರ್ಟು ಕೊಟ್ಟ ವಕೀಲರು ದಾರಿ ಹೇಳಿದರು: ಇದು ಮೊದಲ ಕೇಸು, ಶಿಕ್ಷೆ ಕೊಡದೆ ಬಿಡಬಹುದೇ ಎಂದು ನೋಡುವ ಪ್ರೊಬೇಷನ್ ಅಧಿಕಾರಿ ಮನೆಗೆ ಹೋಗಿ ವಿಚಾರಿಸುತ್ತಾರೆ, ಆ ಹಳೆಯ ಹೆದರಿಕೆಯಿಂದ ಹೀಗಾಯಿತೆಂದು ತಾಯಿ ಹೇಳಿದರೆ ಜಡ್ಜ್ ಬಿಟ್ಟು ಕಳಿಸಬಹುದು. ಇಲ್ಲದಿದ್ದರೆ ವರ್ಷಗಟ್ಟಲೆ ಆ ಸರಳು, ಆ ಕೀಲಿ.

ಅಧಿಕಾರಿ ಕುಷಾಯಿಗೂಡದಲ್ಲಿ ಅವ್ವನೂ ನಾನೂ ಇದ್ದ ಬಾಡಿಗೆ ಕೋಣೆಗೆ ಹೋದರು. ಅವ್ವ ಅವರಿಗೆ ಚಹಾ ಕೊಟ್ಟು, ಮಗನನ್ನು ಹೂವಿನ ಹಾಗೆ ಸಾಕಿದ್ದೇನೆ, ಎಂದೂ ಕೂಡಿಹಾಕಿಲ್ಲ ಎಂದು ಹೇಳಿ ಕಳಿಸಿದಳು. ವಕೀಲರಿಂದ ನನಗಿದು ತಿಳಿಯಿತು. ಮುಂದಿನ ಸಲ ಅವಳು ಜೈಲಿಗೆ ನನ್ನನ್ನು ನೋಡಲು ಬಂದಾಗ ಜಾಲರಿಯ ಈಚೆಯಿಂದ ಕೇಳಿದೆ, "ಯಾಕವ್ವಾ ಸುಳ್ಳು ಹೇಳಿದಿ?"

"ಮಕ್ಕಳಿಗೆ ಕೀಲಿ ಹಾಕಿದ್ರ ಅವ್ವಂದಿರನ್ನ ಜೇಲಿಗೆ ಹಾಕ್ತಾರಂತ. ನನಗ ಭಾಳ ಅಂಜಿಕಿ ಆತಪ್ಪ."

ಮೈ ಉರಿದುಹೋಯಿತು. "ಹಂಗಾದ್ರ ನಾನ ಇಲ್ಲೇ ಸಾಯ್ತೀನಿ ಬಿಡು," ಎಂದು ಬೆನ್ನು ತಿರುಗಿಸಿ ಬಂದುಬಿಟ್ಟೆ. ಆ ಸಂಜೆ ಕೀಲಿ ಬಿದ್ದಾಗ ಮುದುಕ ನನ್ನ ಎರಡೂ ಕೈ ಹಿಡಿದುಕೊಂಡು ಕೂರಬೇಕಾಯಿತು.

ಕೋರ್ಟಿನ ದಿನ ಅವ್ವ ಬಟ್ಟೆಯ ಚೀಲವೊಂದನ್ನು ಎದೆಗವಚಿಕೊಂಡು ಬಂದಿದ್ದಳು. ನನಗೆ ಜೈಲಿನಲ್ಲಿ ಹಾಕಿಕೊಳ್ಳಲು ಅಂಗಿ ತಂದಿದ್ದಾಳೆ, ಬಿಡುವುದಿಲ್ಲವೆಂದು ಇವಳಿಗೂ ಗೊತ್ತಾಗಿದೆ ಎಂದುಕೊಂಡೆ. ಬಾಲ್ಯದಲ್ಲಿ ಯಾವ ತೊಂದರೆಯೂ ಇರಲಿಲ್ಲ ಎಂದು ಜಡ್ಜ್ ವರದಿ ಓದುತ್ತಿರುವಾಗಲೇ ಹಿಂದಿನ ಬೆಂಚಿನಿಂದ ಅವ್ವ ಎದ್ದಳು. ಹೊರಗೆ ಎಲ್ಲರೊಡನೆ ತೆಲುಗು ಆಡುವವಳಿಗೆ ಅಂದು ಒಂದು ತೆಲುಗು ಮಾತೂ ಬರಲಿಲ್ಲ.

"ಕೀಲಿ ನಾನ ಹಾಕೀನ್ರಿ. ಮಳ್ಯಾಗ ಇವ ಒಳಗ ಇದ್ದ. ನೀರು ಎದಿಮಟ ಬಂದಿತ್ರಿ. ಇವನ್ನ ಬಿಡ್ರಿ, ನನ್ನ ಒಳಗ ಹಾಕ್ರಿ."

ಆಕೆ ಏನು ಹೇಳುತ್ತಿದ್ದಾಳೆ ಎಂದು ಜಡ್ಜ್ ತೆಲುಗಿನಲ್ಲಿ ನನ್ನನ್ನೇ ಕೇಳಿದರು. ಕೀಲಿ, ಮಳೆ, ನೀರು, ಎಲ್ಲವನ್ನೂ ಹೇಳಿದೆ. ಕೊನೆಯ ಮಾತನ್ನು ಮಾತ್ರ ಹೇಳಲಾಗಲಿಲ್ಲ. ಜಡ್ಜ್ ಅವಳ ಕಡೆ ತಿರುಗಿ, ಕೂತುಕೋ ಅಮ್ಮಾ ಎಂದರು. ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ನನ್ನನ್ನು ಬಿಟ್ಟರು.

ಹೊರಗೆ ವರಾಂಡದಲ್ಲಿ, ಜೈಲಿನ ವಾಸನೆಯ ಅಂಗಿ ಬದಲಿಸೋಣವೆಂದು ಅವಳ ಚೀಲಕ್ಕೆ ಕೈ ಹಾಕಿದೆ. ಎರಡು ಸೀರೆ, ಒಂದು ಕೌದಿ, ಅವಳ ಬಿಪಿ ಗುಳಿಗೆ, ಬಾಚಣಿಗೆ. ನನ್ನದೊಂದೂ ಇರಲಿಲ್ಲ.

"ಇವೆಲ್ಲ ಯಾಕವ್ವಾ?"

"ಒಳಗ ಥಂಡಿ ಇರ್ತೈತಂತಲ್ಲ," ಎಂದಳು. ಆಮೇಲೆ ವರಾಂಡದ ತುದಿಯಲ್ಲಿದ್ದ ಪೊಲೀಸಿನವನ ಮೇಲೆ ಕಣ್ಣಿಟ್ಟೇ ಮೆಲ್ಲಗೆ ಕೇಳಿದಳು, "ನನ್ನ ಯಾವಾಗ ಒಯ್ತಾರ?"